ಕಲ್ಲುಹೂವಿನ ಕಷಾಯ

ಈಗಷ್ಟೇ ತೋಟದಿಂದ ಬಂದೆ. ಕಾಲು ತೊಳೆದಿಲ್ಲ, ಸಿಟ್ಟೂ ಇಳಿದಿಲ್ಲ.

ಅಣ್ಣನ ಮಗ, ಅಜ್ಜ ನೆಟ್ಟ ಅಪ್ಪೆಮಿಡಿ ಮಾವಿನ ಮರಕ್ಕೆ ಏಣಿ ಹಾಕಿ, ತೊಗಟೆಗೆ ಅಂಟಿದ ಕಲ್ಲುಹೂವನ್ನು ಕತ್ತಿಯಲ್ಲಿ ಕೆರೆಯುತ್ತಿದ್ದ. ಅರ್ಧ ಚೀಲ ತುಂಬಿತ್ತು. "ಏನೋ ಇದು?" ಅಂದೆ. "ಚಿಕ್ಕಪ್ಪ, ಇದನ್ನ ಕುದಿಸಿ ಅಡಿಕೆಗೆ ಹೊಡೆದ್ರೆ ಕೊಳೆರೋಗ ಬರಲ್ವಂತೆ" ಅಂದ. ವಾಟ್ಸಾಪ್ ವಿಡಿಯೋ. ಬಕೆಟ್ ಹಿಡಿದ ಮಹಾಶಯರ ಭಾಷಣ.

ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅರ್ಧ ನಿಜ, ಅದೇ ತಲೆನೋವು. ಕಲ್ಲುಹೂವು ಅಂದರೆ ಒಂದು ಶಿಲೀಂಧ್ರ, ಒಂದು ಪಾಚಿ, ಇಬ್ಬರ ಜಂಟಿ ಸಂಸಾರ. ಅಂಥ ಕೆಲವು ಸಂಸಾರಗಳು ತಯಾರಿಸುವ ಅಸ್ನಿಕ್ ಆಮ್ಲ 1844ರಿಂದಲೇ ಗೊತ್ತು. ಬೇರೆ ಶಿಲೀಂಧ್ರಗಳನ್ನು ತಡೆಯುವ ಗುಣವೂ ಅದಕ್ಕಿದೆ. ನಮ್ಮ ಶಿವಮೊಗ್ಗದ ಕಾಲೇಜಿನವರೇ ಮಲೆನಾಡಿನ ಕಲ್ಲುಹೂವಿನ ಸಾರ ತೆಗೆದು ಪರೀಕ್ಷಿಸಿದ್ದಾರೆ. ಆದರೆ ಅವರು ಸಾರ ತೆಗೆದದ್ದು ಮೆಥನಾಲ್‌ನಂಥ ದ್ರಾವಕದಲ್ಲಿ. ಅಸ್ನಿಕ್ ಆಮ್ಲ ನೀರಿಗೆ ಬಿಡುವುದೇ ಇಲ್ಲ ಅನ್ನಬಹುದು. ಹಂಡೆಯಲ್ಲಿ ಕುದಿಸಿದರೆ ಸಿಗುವುದು ಕಂದು ನೀರು. ಅಷ್ಟೇ.

ಇನ್ನೊಂದು ತಮಾಷೆ ಕೇಳಿ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಅದು ಕಂದು ಕಡಲಪಾಚಿಯ ದೂರದ ನೆಂಟ. ಪ್ರಯೋಗಾಲಯದ ತಟ್ಟೆಯಲ್ಲಿ ಶಿಲೀಂಧ್ರ ಸತ್ತಿತು ಅಂತ ಮಳೆಗಾಲದಲ್ಲಿ ಅಡಿಕೆ ಗೊನೆಯ ಕೊಳೆಯೂ ನಿಲ್ಲಬೇಕು ಅಂತೇನಿಲ್ಲ.

"ಮೈಲುತುತ್ತ ಮಾತ್ರ ಅಮೃತವಾ?" ಅಂತ ಕೇಳುತ್ತೀರಿ, ಗೊತ್ತು. ಅಲ್ಲ. ಅದರ ತಾಮ್ರ ಮಣ್ಣಲ್ಲಿ ಸೇರುತ್ತಾ ಹೋಗುತ್ತದೆ, ಒಪ್ಪಿದೆ. ಆದರೆ ಸುಮಾರು 1910ರ ಹೊತ್ತಿಗೆ ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿ ತೋರಿಸಿದ್ದು ನಮ್ಮ ತೋಟಗಳಲ್ಲೇ. ಅದಕ್ಕೂ ಮೊದಲು ಮಳೆ ತಾಗದಂತೆ ಅಡಿಕೆಯ ಒಂದೊಂದು ಗೊನೆಗೂ ಕೊಟ್ಟೆ (ಹೊದಿಕೆ) ಕಟ್ಟಬೇಕಿತ್ತು. ಇನ್ನು 'ನೈಸರ್ಗಿಕ, ಹಾಗಾಗಿ ನಿರಪಾಯ' ಅನ್ನುವವರಿಗೆ: ಇದೇ ಅಸ್ನಿಕ್ ಆಮ್ಲ ಇದ್ದ ತೂಕ ಇಳಿಸುವ ಮಾತ್ರೆ ನುಂಗಿ ಅಮೆರಿಕದಲ್ಲಿ ಜನರ ಲಿವರ್ ಕೆಟ್ಟಿತ್ತು. 2001ರಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಟ್ಟಿತು.

ಸರಿ, ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ನಾನೂ ಕುದಿಸಿದ್ದೆ. ಹಿತ್ತಲಿನ ಹತ್ತು ಮೆಣಸಿನ ಬಳ್ಳಿಗೆ ಗುಟ್ಟಾಗಿ ಹೊಡೆದಿದ್ದೆ. ಏಳು ಸೊರಗಿ ಹೋದವು. ಹೆಂಡತಿಗೆ "ಮಳೆ ಜಾಸ್ತಿ ಆಯ್ತು" ಅಂದಿದ್ದೆ. ಅವಳೂ ಇದನ್ನು ಓದುತ್ತಾಳೆ, ಓದಲಿ.

ನನ್ನ ಹೊಟ್ಟೆ ಉರಿಯುವುದು ಆ ಮರಕ್ಕೆ. ಕಲ್ಲುಹೂವು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಅಂಗೈ ಅಗಲದ್ದೊಂದು ಆ ಹುಡುಗನಿಗಿಂತ ಹಿರಿಯದೇ ಇರಬಹುದು. ಕೆರೆಯಲು ಅರ್ಧ ನಿಮಿಷ ಸಾಕು. ಪೈನ್ ಕಾಯಿಯ ಮೇಲೆ ಬೆಳೆಯುವ ಪುಟ್ಟ ಅಣಬೆಯಲ್ಲಿ 1977ರಲ್ಲಿ ಜರ್ಮನಿಯವರು ಶಿಲೀಂಧ್ರ ತಡೆಯುವ ಸ್ಟ್ರಾಬಿಲುರಿನ್ ಎಂಬ ವಸ್ತು ಕಂಡುಹಿಡಿದರು. ಅದನ್ನು ನೋಡಿಕೊಂಡು ಕಾರ್ಖಾನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಾಡಿದರು. ಕಾಡಿನ ಅಣಬೆಯನ್ನೆಲ್ಲ ಚೀಲಕ್ಕೆ ತುಂಬಲಿಲ್ಲ. ಕಲ್ಲುಹೂವಿಗೂ ಹಾಗೇ ಮಾಡಲಿ, ಮೊದಲು ಕೊಳ್ಳುವವನು ನಾನೇ.

ಚೀಲ ಈಗ ಕೊಟ್ಟಿಗೆಯಲ್ಲಿದೆ. ಅಮ್ಮ ಹೋಗಿ ಒಂದು ಹಿಡಿ ಮೂಸಿ ನೋಡಿದರು. "ಮಸಾಲೆಗೂ ಆಗಲ್ಲ ಇದು, ಬೇರೆ ಜಾತಿ" ಅಂತ ಅಲ್ಲೇ ಹಾಕಿ ಬಂದರು.