ಕೋವಿ ಹಿಡಿಯೋಕೆ ಬರುತ್ತಾ ಮೇಡಂ?

ನಮ್ಮ ಕಡೆ ಹೆಣ್ಣು ನೋಡೋ ಶಾಸ್ತ್ರದಲ್ಲಿ ಒಂದು ಗಳಿಗೆ ಇರುತ್ತಿತ್ತು. ಉಪ್ಪಿಟ್ಟು, ಕೇಸರಿಬಾತು ಖಾಲಿಯಾಗಿ, ಕಾಫಿ ಲೋಟ ಅರ್ಧಕ್ಕೆ ಬಂದಾಗ, ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಕೇಳುತ್ತಿದ್ದರು: "ಹಾಡು ಬರುತ್ತೇನಮ್ಮಾ?" ಕೇಳಿದವರಿಗೆ ಸರಿಗಮ ಗೊತ್ತಿರುತ್ತಿರಲಿಲ್ಲ. ಹುಡುಗಿ ಮುಂದೆ ಆ ಮನೆಯಲ್ಲಿ ಹಾಡೋ ಪ್ರಸಂಗವೂ ಬರುತ್ತಿರಲಿಲ್ಲ. ಆದರೂ ಕೇಳಲೇಬೇಕಿತ್ತು. ಜಾಣ ಹುಡುಗಿಯಾದರೆ ತಲೆ ತಗ್ಗಿಸಿ, "ಬರಲ್ಲ, ಕಲೀತೀನಿ" ಅನ್ನುತ್ತಿದ್ದಳು. ಸಂಬಂಧ ಕುದುರುತ್ತಿತ್ತು.

ಈ ಶಾಸ್ತ್ರ ಅಮೆರಿಕದ ಸೆನೆಟ್‌ನಲ್ಲಿ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ, ಇನ್ನೂ ಭದ್ರವಾಗಿದೆ. ಹಾಡಿನ ಜಾಗದಲ್ಲಿ ಕೋವಿ, ಅಷ್ಟೇ ವ್ಯತ್ಯಾಸ.

2010ರಲ್ಲಿ ಅಧ್ಯಕ್ಷ ಒಬಾಮಾ ಸುಪ್ರೀಂ ಕೋರ್ಟಿಗೆ ಎಲೆನಾ ಕೇಗನ್ ಹೆಸರು ಸೂಚಿಸಿದರು. ನ್ಯೂಯಾರ್ಕಿನಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆಗಿದ್ದವರು. ಅಲ್ಲಿ ಅಧ್ಯಕ್ಷರು ಜಡ್ಜ್ ಹೆಸರು ಸೂಚಿಸಿದರೆ ಸಾಲದು, ಸೆನೆಟ್ ಒಪ್ಪಬೇಕು. ಹಾಗಾಗಿ ಹೆಸರು ಬಂದ ಮೇಲೆ ಸೆನೆಟರ್‌ಗಳ ಕೋಣೆಗೆ ಒಂದೊಂದಾಗಿ ಹೋಗಿ ಮುಖ ತೋರಿಸಿ ಬರಬೇಕು. ಕೇಗನ್ ಹೋದರು. ಕೋಣೆ ಕೋಣೆಯಲ್ಲೂ ಒಂದೇ ಮಾತು. ಕೋವಿ ಹಿಡಿದಿದ್ದೀರಾ? ಇಲ್ಲ. ಶಿಕಾರಿಗೆ ಹೋಗಿದ್ದೀರಾ? ಇಲ್ಲ. ಹೋಗಲಿ, ಶಿಕಾರಿ ಮಾಡೋರು ಯಾರಾದರೂ ಗೊತ್ತಾ? ಅದೂ ಇಲ್ಲ. ಮ್ಯಾನ್‌ಹಟನ್‌ನಲ್ಲಿ ಏನನ್ನು ಶಿಕಾರಿ ಮಾಡಬೇಕು ಹೇಳಿ, ಪಾರಿವಾಳವನ್ನಾ?

ಐಡಹೊ ರಾಜ್ಯದ ಸೆನೆಟರ್ ಒಬ್ಬರು ತಮ್ಮ ತೋಟ, ತಮ್ಮ ಬೇಟೆ ಅಂತ ಬಹಳ ಹೊತ್ತು ಹೇಳಿದರಂತೆ. ಕೇಗನ್‌ಗೆ ಸಾಕಾಗಿ, "ನಿಮ್ಮ ಜೊತೆ ನನ್ನನ್ನೂ ಕರೆದುಕೊಂಡು ಹೋಗಿ" ಅಂದುಬಿಟ್ಟರು. ಆ ಮನುಷ್ಯನ ಮುಖ ಬಿಳುಚಿಕೊಂಡಿತಂತೆ. ಆಗ ಇವರೇ ಮಾತು ತಿರುಗಿಸಿದರು. ಜಡ್ಜ್ ಆದರೆ, ಅದೇ ಕೋರ್ಟಿನಲ್ಲಿದ್ದ ಶಿಕಾರಿಪ್ರಿಯ ಜಸ್ಟಿಸ್ ಸ್ಕಾಲಿಯಾ ಅವರನ್ನು ಕೇಳಿ ಶಿಕಾರಿ ಕಲಿಯುತ್ತೇನೆ ಅಂತ ಮಾತು ಕೊಟ್ಟರು. ಈ ಕಥೆಯನ್ನು ಮುಂದೆ ಕೇಗನ್ ಅವರೇ ಎಷ್ಟೋ ಸಭೆಗಳಲ್ಲಿ ಹೇಳಿ ನಗಿಸಿದ್ದಾರೆ. ಬರಲ್ಲ, ಕಲೀತೀನಿ.

63 ಮತ, 37 ವಿರುದ್ಧ. ಸಂಬಂಧ ಕುದುರಿತು. ಕೊಟ್ಟ ಮಾತಿನಂತೆ ಸ್ಕಾಲಿಯಾ ಹತ್ತಿರ ಹೋಗಿ ವಿಷಯ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರಂತೆ. ಮೊದಲು ಮಣ್ಣಿನ ಬಿಲ್ಲೆ ಹಾರಿಸಿ ಈಡು ಹೊಡೆಯೋ ಅಭ್ಯಾಸ. ಆಮೇಲೆ ಹಕ್ಕಿ. ಆಮೇಲೆ ವಯೋಮಿಂಗ್ ರಾಜ್ಯಕ್ಕೆ ಹೋಗಿ ಜಿಂಕೆಯನ್ನೂ ಹೊಡೆದರು. ಇಷ್ಟೆಲ್ಲ ಆದ ಮೇಲೆ, 2022ರಲ್ಲಿ ಕೋವಿಯ ದೊಡ್ಡ ಕೇಸು ಬಂದಾಗ ಕೇಗನ್ ಎತ್ತ ಇದ್ದರು ಗೊತ್ತಾ? ಕೋವಿಗೆ ಕಡಿವಾಣ ಬೇಕು ಅನ್ನೋ ಕಡೆ. ಸೆನೆಟರ್‌ಗಳು ಕೇಳಿದ್ದು ಶಿಕಾರಿ ಬಗ್ಗೆ, ಅವರು ಕಲಿತದ್ದೂ ಶಿಕಾರಿಯನ್ನೇ.

ಕೇಗನ್‌ಗಿಂತ ಒಂದು ವರ್ಷ ಹಿಂದೆ, 2009ರಲ್ಲಿ, ಸೋನಿಯಾ ಸೊಟೊಮೇಯರ್ ಸರದಿ. ಅವರಿಗೆ ಕೋವಿ ಪ್ರಶ್ನೆಯ ಜೊತೆಗೆ ನಂಚಕು ಪ್ರಶ್ನೆಯೂ ಬಂತು. ಹೌದು, ಬ್ರೂಸ್ ಲೀ ಪೋಸ್ಟರ್‌ಗಳಲ್ಲಿ ನೋಡಿದ್ದೇವಲ್ಲ, ಅದೇ. ನ್ಯೂಯಾರ್ಕಿನಲ್ಲಿ ಮನೆಯಲ್ಲಿ ನಂಚಕು ಇಟ್ಟುಕೊಳ್ಳೋ ಹಕ್ಕು ಬೇಕು ಅಂತ ಒಬ್ಬರು ಕೇಸು ಹಾಕಿದ್ದರು. ಇವರಿದ್ದ ಪೀಠ ಆಗಲ್ಲ ಅಂದಿತ್ತು. ಹಾಗಾಗಿ ದೇಶದ ಅತಿ ದೊಡ್ಡ ಕೋರ್ಟಿಗೆ ಹೋಗಬೇಕಾದವರು ಟೀವಿ ಕ್ಯಾಮೆರಾ ಮುಂದೆ ಕೂತು, ನಂಚಕು ಅಂದರೆ ಎರಡು ಕೋಲು, ಅವನ್ನು ಸೇರಿಸೋ ಒಂದು ಪಟ್ಟಿ, ಬೀಸಿದರೆ ತಲೆ ಒಡೆಯುತ್ತದೆ ಅಂತ ಪಾಠ ಮಾಡಬೇಕಾಯಿತು.

ಇಷ್ಟಕ್ಕೆಲ್ಲ ಮೂಲ ಒಂದೇ ಒಂದು ವಾಕ್ಯ. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ, 1791ರದು. ಇಂಗ್ಲಿಷಿನಲ್ಲಿ 27 ಪದ. ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಬೇಕಾಗಿರುವುದರಿಂದ, ಶಸ್ತ್ರ ಇಟ್ಟುಕೊಳ್ಳುವ ಮತ್ತು ಹೊರುವ ಜನರ ಹಕ್ಕಿಗೆ ಭಂಗ ತರಬಾರದು. ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಅಜ್ಜ ಬರೆಸಿದ ಪಾಲುಪಟ್ಟಿ ಹೀಗೇ ಇರುತ್ತದೆ. "ಬಾವಿಯ ಬದಿಯ ಮಾವಿನಮರದ ತನಕ" ಅಂತ ಬರೆದಿರುತ್ತಾರೆ. ಮರ ಯಾರಿಗೆ ಅನ್ನೋದರಲ್ಲಿ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಇಲ್ಲೂ ಹಾಗೆ. ಹಕ್ಕು ಪಡೆಗೋ, ಒಬ್ಬೊಬ್ಬ ಮನುಷ್ಯನಿಗೋ? ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿದೆ, ಅದಕ್ಕೆ ಏನರ್ಥ ಅಂತಲೂ ದೊಡ್ಡ ದೊಡ್ಡ ವಕೀಲರು ವಾದಿಸಿದ್ದಾರೆ.

1939ರಲ್ಲಿ ಕೋರ್ಟು ಪಡೆಯ ಮಾತಿಗೇ ತೂಕ ಕೊಟ್ಟಿತ್ತು. 2008ರಲ್ಲಿ ಹೆಲ್ಲರ್ ಅನ್ನೋ ಕೇಸಿನಲ್ಲಿ ಅದೇ ಕೋರ್ಟು, ಆತ್ಮರಕ್ಷಣೆಗೆ ಮನೆಯಲ್ಲಿ ಕೋವಿ ಇಟ್ಟುಕೊಳ್ಳೋದು ಒಬ್ಬೊಬ್ಬರ ಹಕ್ಕು ಅಂದಿತು. 5 ಜನ ಹೌದು, 4 ಜನ ಅಲ್ಲ. ಬರೆದವರು ನಮ್ಮ ಶಿಕಾರಿ ಗುರು ಸ್ಕಾಲಿಯಾ. 27 ಪದದಲ್ಲಿ ಒಂದಕ್ಷರ ಆಚೀಚೆ ಆಗಿರಲಿಲ್ಲ. ಕುರ್ಚಿ ಮೇಲಿದ್ದವರು ಬದಲಾಗಿದ್ದರು. ಅವತ್ತಿನಿಂದ ಆ ವಾಕ್ಯದ ಅರ್ಥ ಬೇಕಾದವರು ನಿಘಂಟು ತೆಗೆಯೋದು ಬಿಟ್ಟಿದ್ದಾರೆ. ಜಡ್ಜುಗಳ ವಯಸ್ಸೆಷ್ಟು, ಬಿಪಿ ಎಷ್ಟು ಅಂತ ನೋಡುತ್ತಾರೆ. ಅಲ್ಲಿನ ಜಡ್ಜುಗಳಿಗೆ ನಿವೃತ್ತಿ ವಯಸ್ಸಿಲ್ಲ ನೋಡಿ. ಕುರ್ಚಿ ಖಾಲಿಯಾಗಬೇಕಾದರೆ ಒಂದೋ ತಾವಾಗಿ ಏಳಬೇಕು, ಇಲ್ಲವೇ ಮೇಲಿನಿಂದ ಕರೆ ಬರಬೇಕು.

ಕರೆ ಬಂದದ್ದು ಸ್ಕಾಲಿಯಾ ಅವರಿಗೆ. 2016ರ ಫೆಬ್ರುವರಿ 13. ಪಶ್ಚಿಮ ಟೆಕ್ಸಾಸ್‌ಗೆ ಶಿಕಾರಿಗೆಂದು ಹೋಗಿ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನಮ್ಮಲ್ಲಿ ಆಸ್ತಿ ಮಾತು ಹನ್ನೆರಡನೇ ದಿನದ ತಿಥಿ ಊಟದ ತನಕವಾದರೂ ಕಾಯುತ್ತದೆ. ಅಲ್ಲಿ ಸಾವಿನ ಸುದ್ದಿ ಬಂದ ಕೆಲವೇ ಗಂಟೆಗಳಲ್ಲಿ ಸೆನೆಟ್ ಬಹುಮತದ ನಾಯಕ, ಒಬಾಮಾರ ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ಮಿಚ್ ಮ್ಯಾಕ್‌ಕಾನೆಲ್, ಈ ಜಾಗ ಮುಂದಿನ ಅಧ್ಯಕ್ಷರು ಬರೋ ತನಕ ತುಂಬಬಾರದು ಅಂದರು. ಇದ್ದ ಅಧ್ಯಕ್ಷರಿಗೆ ಇನ್ನೂ 11 ತಿಂಗಳು ಬಾಕಿ ಇತ್ತು.

ಒಬಾಮಾ ಆದರೂ ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದರು. ಮೇಲ್ಮನವಿ ಕೋರ್ಟಿನ ಜಡ್ಜ್, ಮೆದು ಮಾತಿನ ಮನುಷ್ಯ. ಜಾತಕದಲ್ಲಿ ಒಂದೇ ದೋಷ. 2007ರಲ್ಲಿ ಹೆಲ್ಲರ್ ಕೇಸು ಇನ್ನೂ ಕೆಳಗಿನ ಕೋರ್ಟಿನಲ್ಲಿದ್ದಾಗ, ಇದನ್ನು ಪೂರ್ಣ ಪೀಠ ಇನ್ನೊಮ್ಮೆ ಕೇಳಲಿ ಅಂತ ಮತ ಹಾಕಿದ್ದರು. ಕೋವಿ ಕಿತ್ತುಕೊಳ್ಳಿ ಅಂದಿರಲಿಲ್ಲ. ಇನ್ನೊಂದ್ಸಲ ಕೇಳೋಣ ಅಂದಿದ್ದರು. ಕೋವಿ ಹಕ್ಕಿನ ಪರ ಲಾಬಿ ಮಾಡೋ ರಾಷ್ಟ್ರೀಯ ರೈಫಲ್ ಸಂಘ, ಅಂದರೆ ಎನ್‌ಆರ್‌ಎ, ಈ ಸಂಬಂಧ ಬೇಡ ಅಂದಿತು. ಮ್ಯಾಕ್‌ಕಾನೆಲ್ ಟೀವಿಯಲ್ಲಿ ಕೂತು, ಎನ್‌ಆರ್‌ಎ ವಿರೋಧಿಸೋ ವ್ಯಕ್ತಿಯನ್ನು ನಮ್ಮ ಬಹುಮತ ಒಪ್ಪುತ್ತದೆ ಅಂತ ಊಹಿಸೋಕೂ ಆಗಲ್ಲ ಅನ್ನೋ ಅರ್ಥದ ಮಾತಾಡಿದರು. ಸಂವಿಧಾನದಲ್ಲಿ ಬರೆದಿರೋದು ಸೆನೆಟ್‌ನ ಒಪ್ಪಿಗೆ ಅಂತ. ಎನ್‌ಆರ್‌ಎ ಹೆಸರು ಬಹುಶಃ ಆ ಅಲ್ಪವಿರಾಮದ ಹಿಂದೆ ಇರಬೇಕು.

ನ್ಯಾಯಾಂಗ ಸಮಿತಿಯ ಅಧ್ಯಕ್ಷ ಚಕ್ ಗ್ರಾಸ್ಲಿ ಮರ್ಯಾದಸ್ಥರು. ಗಾರ್ಲಂಡ್ ಅವರನ್ನು ಬೆಳಗಿನ ತಿಂಡಿಗೆ ಕರೆದರು. ಜೊತೆಯಲ್ಲಿ ಕೂತು ತಿಂದರು. ತಿಂಡಿಯಾದ ಮೇಲೆ, ನಿಮ್ಮ ಹೆಸರು ಮುಂದಕ್ಕೆ ಹೋಗಲ್ಲ ಅಂತ ಹೇಳಿ ಕಳಿಸಿದರು. ಉಪ್ಪಿಟ್ಟು ತಿಂದು "ಊರಿಗೆ ಹೋಗಿ ಕಾಗದ ಹಾಕ್ತೀವಿ" ಅನ್ನೋ ಬೀಗರೇ ಎಷ್ಟೋ ವಾಸಿ. 293 ದಿನ ಕಾದು ಆ ಹೆಸರು ತಾನಾಗಿ ಬಿದ್ದುಹೋಯಿತು. ಕುರ್ಚಿ 2017ರಲ್ಲಿ ಟ್ರಂಪ್ ಸೂಚಿಸಿದ ನೀಲ್ ಗೋರ್ಸಚ್‌ಗೆ ಸಿಕ್ಕಿತು.

ಚುನಾವಣೆ ವರ್ಷದಲ್ಲಿ ಜಡ್ಜ್ ನೇಮಕ ಬೇಡ ಅನ್ನೋದು ಅಷ್ಟು ಪವಿತ್ರ ತತ್ವ. ಮ್ಯಾಕ್‌ಕಾನೆಲ್ ಪಕ್ಷದವರೇ ಆದ ಸೆನೆಟರ್ ಲಿಂಡ್ಸೆ ಗ್ರಹಾಂ ಅಂತೂ, ಮುಂದೆ ನಮ್ಮ ಪಕ್ಷದ ಅಧ್ಯಕ್ಷರಿದ್ದಾಗಲೂ ಇದೇ ಮಾತು, ಬೇಕಾದರೆ ನನ್ನ ಮಾತನ್ನೇ ನನಗೆ ತಿರುಗಿಸಿ ಹೇಳಿ ಅಂತ 2016ರಲ್ಲಿ ಸವಾಲು ಹಾಕಿದ್ದರು. 2020ರ ಸೆಪ್ಟೆಂಬರ್ 18ರಂದು ಜಸ್ಟಿಸ್ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ 46 ದಿನ. ಅವರದೇ ಪಕ್ಷದ ಅಧ್ಯಕ್ಷ ಟ್ರಂಪ್ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ಅವರನ್ನು ಕೂರಿಸಿ ಮುಗಿಸಿದಾಗ ಚುನಾವಣೆಗೆ ಉಳಿದದ್ದು 8 ದಿನ. ವಿಚಾರಣೆಯ ಅಧ್ಯಕ್ಷತೆ ವಹಿಸಿದವರು ಇದೇ ಗ್ರಹಾಂ. ಎಲ್ಲರೂ ಅವರ ಮಾತನ್ನು ಅವರಿಗೇ ತಿರುಗಿಸಿ ಹೇಳಿದರು. ಅವರು ಕೇಳಿಸಿಕೊಂಡರು. ಅಷ್ಟನ್ನೇ ಅಲ್ವಾ ಅವರು ಹೇಳಿದ್ದು?

ಆ ವಿಚಾರಣೆಯನ್ನು ನೋಡಬೇಕಿತ್ತು. ನಿಮ್ಮ ಮನೆಯಲ್ಲಿ ಕೋವಿ ಇದೆಯಾ ಅಂತ ಗ್ರಹಾಂ ಕೇಳಿದರು. ಇದೆ ಅಂದರು ಬ್ಯಾರೆಟ್. ಕೋವಿ ಇಟ್ಟುಕೊಂಡೂ ಕೋವಿ ಕೇಸನ್ನು ನ್ಯಾಯವಾಗಿ ನೋಡಬಲ್ಲಿರಾ? ಬಲ್ಲೆ. ಮುಗಿಯಿತು. ಬೇರೆ ಯಾವ ಗಟ್ಟಿ ವಿಷಯ ಕೇಳಿದರೂ, ಮುಂದೆ ಕೇಸು ಬರಬಹುದು, ಹೇಳೋಕಾಗಲ್ಲ ಅನ್ನೋ ಉತ್ತರ. ಆ ಉತ್ತರ ಇವರೊಬ್ಬರದಲ್ಲ. ಎರಡೂ ಪಕ್ಷದವರು ಸೂಚಿಸಿದವರೆಲ್ಲ ಬಾಯಿಪಾಠ ಮಾಡಿಕೊಂಡು ಬರುವ ಮಂತ್ರ ಅದು. ನಡುವೆ ಒಬ್ಬ ಸೆನೆಟರ್, ನೋಡಿಕೊಂಡು ಹೇಳೋಕೆ ಏನು ಬರೆದುಕೊಂಡಿದ್ದೀರಿ, ತೋರಿಸಿ ಅಂದರು. ಬ್ಯಾರೆಟ್ ಪ್ಯಾಡ್ ಎತ್ತಿ ಹಿಡಿದರು. ಖಾಲಿ ಹಾಳೆ. ಅದರಲ್ಲಿ ಏನಾದರೂ ಇದೆಯಾ? ಮೇಲೆ ಸೆನೆಟ್ ಹೆಸರು ಅಚ್ಚಾಗಿದೆ, ಅಷ್ಟೇ ಅಂದರು. ಎಲ್ಲರೂ ಆಹಾ ಅಂದರು. ನನಗಂತೂ ಇಡೀ ಶಾಸ್ತ್ರದಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ಕಂಡಿಲ್ಲ.

ನಮ್ಮಲ್ಲಿ ಇದೆಲ್ಲ ಇಲ್ಲವಾ ಅಂತ ಕೇಳಬೇಡಿ. ಕೋವಿ ಹಕ್ಕು ಕೊಡಗಿನಲ್ಲಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು, ನಳಿಗೆಗೆ ತೋಕ್‌ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೊಡವರಿಗೂ, ಜಮ್ಮಾ ಅನ್ನೋ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಸರಿ ಅಂತ ಎತ್ತಿಹಿಡಿದಿದೆ. ಆ ನ್ಯಾಯಮೂರ್ತಿಗಳನ್ನು ನೇಮಿಸೋ ಮೊದಲು "ಹಂದಿ ಹೊಡೆದಿದ್ದೀರಾ ಸ್ವಾಮಿ?" ಅಂತ ಯಾರೂ ಟೀವಿಯಲ್ಲಿ ಕೇಳಿರಲಿಲ್ಲ. ಜಡ್ಜುಗಳನ್ನು ಜಡ್ಜುಗಳೇ ಆರಿಸೋ ನಮ್ಮ ಕೊಲಿಜಿಯಂ ಬಾಗಿಲು ಹಾಕಿಕೊಂಡೇ ಸಂಬಂಧ ಮುಗಿಸುತ್ತದೆ. ಒಳಗೆ ಏನು ಕೇಳಿದರೋ, ಯಾರು ಉಪ್ಪಿಟ್ಟು ತಿಂದರೋ ದೇವರಿಗೇ ಗೊತ್ತು. ಆ ಪುರಾಣ ಇನ್ನೊಂದು ದಿನಕ್ಕಿರಲಿ.

ಇಷ್ಟು ಜಾಗ್ರತೆಯಿಂದ ಆರಿಸಿದ ಜಡ್ಜುಗಳು ಕೂತು ಏನು ಮಾಡಿದರು? 2022ರ ಜೂನ್‌ನಲ್ಲಿ ಬ್ರೂಯನ್ ಕೇಸು. 6-3. ಕೋವಿಗೆ ಸಂಬಂಧಿಸಿದ ಯಾವ ಕಾನೂನೇ ಆಗಲಿ, ಅದು ದೇಶದ ಹಳೇ ಸಂಪ್ರದಾಯಕ್ಕೆ ಹೊಂದಬೇಕು ಅಂದರು. ತೀರ್ಪಿನಲ್ಲಿ 1328ರ ಇಂಗ್ಲೆಂಡಿನ ಕಾನೂನಿನ ತನಕ ಹೋಗಿ ಬಂದಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಹಕ್ಕ-ಬುಕ್ಕರು ವಿಜಯನಗರ ಕಟ್ಟೋದಕ್ಕೂ ಮುಂಚೆ. ಆಗ ಇಂಗ್ಲೆಂಡಿನಲ್ಲಿ ಕೈಕೋವಿಯೇ ಇರಲಿಲ್ಲ ಅಂತ ತೀರ್ಪು ಬರೆದವರೇ ಒಪ್ಪಿಕೊಂಡು ಅದನ್ನು ಬದಿಗಿಟ್ಟರು. ಮಿಸಿಸಿಪ್ಪಿಯ ಕೆಳ ಕೋರ್ಟಿನ ಜಡ್ಜ್ ಒಬ್ಬರು ಪಾಪ, ನಾವು ಇತಿಹಾಸಕಾರರಲ್ಲ, ಒಬ್ಬರನ್ನು ನೇಮಿಸಿಕೊಳ್ಳಬೇಕಾ ಅಂತ ಎರಡೂ ಕಡೆಯ ವಕೀಲರನ್ನು ಕೇಳಿದರು. ಇನ್ನೊಂದು ಮೇಲ್ಮನವಿ ಕೋರ್ಟು, ಹೆಣ್ಣಿಗೆ ಹೊಡೆದು ಕೋರ್ಟಿನ ತಡೆಯಾಜ್ಞೆ ಎದುರಿಸುತ್ತಿದ್ದವನ ಕೋವಿಯನ್ನೂ ಕಿತ್ತುಕೊಳ್ಳೋ ಹಾಗಿಲ್ಲ, ಹಳೇ ಕಾಲದಲ್ಲಿ ಅಂಥ ಕಾನೂನಿರಲಿಲ್ಲ ಅಂದಿತು. ಇರಲಿಲ್ಲ, ನಿಜ. ಆಗ ಹೆಂಡತಿಗೆ ಹೊಡೆಯೋದನ್ನು ಯಾರು ತಪ್ಪು ಅಂದಿದ್ದರು? 2024ರಲ್ಲಿ ಸುಪ್ರೀಂ ಕೋರ್ಟೇ ಅದನ್ನು 8-1ರಲ್ಲಿ ಸರಿಪಡಿಸಬೇಕಾಯಿತು. ಆ ಒಬ್ಬರು ಯಾರು ಅಂತೀರಾ? ಬ್ರೂಯನ್ ತೀರ್ಪು ಬರೆದ ಕ್ಲಾರೆನ್ಸ್ ಥಾಮಸ್.

ಅದಕ್ಕೆ ಒಂದು ವಾರ ಮುಂಚೆ ಬಂದದ್ದು ಗಾರ್ಲಂಡ್ ವರ್ಸಸ್ ಕಾರ್ಗಿಲ್ ತೀರ್ಪು. ನಮಗೆ ಕಾರ್ಗಿಲ್ ಅಂದರೆ ಬೇರೇನೋ ನೆನಪಾಗುತ್ತದೆ. ಇವರು ಟೆಕ್ಸಾಸ್‌ನ ಬಂದೂಕಂಗಡಿ ಮಾಲೀಕರು. 2017ರಲ್ಲಿ ಲಾಸ್ ವೇಗಸ್‌ನ ಸಂಗೀತ ಉತ್ಸವದ ಮೇಲೆ ಒಬ್ಬ ಹೋಟೆಲ್ ಕಿಟಕಿಯಿಂದ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. 60 ಜನ ಸತ್ತರು. ಅವನ ರೈಫಲ್‌ಗಳಿಗೆ ಬಂಪ್ ಸ್ಟಾಕ್ ಅನ್ನೋ ಹಿಡಿ ಹಾಕಿತ್ತು. ರೈಫಲ್ ಹಿಂದೆ ಮುಂದೆ ಜಗ್ಗುತ್ತಾ ತಾನೇ ಬೆರಳಿಗೆ ಬಡಿದು ಮೆಷಿನ್ ಗನ್ ಹಾಗೆ ಗುಂಡು ಕಾರುತ್ತದೆ. ಟ್ರಂಪ್ ಸರ್ಕಾರವೇ ಅದನ್ನು ನಿಷೇಧಿಸಿತು. ಕೋರ್ಟು 2024ರಲ್ಲಿ, ಪ್ರತಿ ಗುಂಡಿಗೂ ಟ್ರಿಗರ್, ಅಂದರೆ ಕೋವಿಯ ಕುದುರೆ, ಒಂದೊಂದು ಸಲ ಅಲುಗುತ್ತದೆ, ಆದ್ದರಿಂದ ಇದು ಮೆಷಿನ್ ಗನ್ ಅಲ್ಲ ಅಂದಿತು. ನಂಬಿಕೆ ಬರಲಿ ಅಂತ ತೀರ್ಪಿನಲ್ಲೇ ಕುದುರೆಯ ಚಿತ್ರಗಳನ್ನು ಅಚ್ಚು ಹಾಕಿದ್ದಾರೆ. ಐಟಿಐ ಹುಡುಗರ ರೆಕಾರ್ಡ್ ಪುಸ್ತಕದ ಹಾಗಿದೆ. ಟ್ರಂಪ್ ಕೂರಿಸಿದ ಮೂವರೂ ಟ್ರಂಪ್ ನಿಷೇಧವನ್ನು ತೆಗೆದುಹಾಕಿದವರ ಸಾಲಿನಲ್ಲಿದ್ದರು.

ಆ ಕೇಸಿನ ಹೆಸರಲ್ಲಿರೋ ಗಾರ್ಲಂಡ್ ಯಾರು ಅಂತ ಹೊಳೆಯಿತಾ? ತಿಂಡಿ ತಿಂದು ಬಂದವರೇ. ಬೈಡನ್ ಅವರನ್ನು ಅಟಾರ್ನಿ ಜನರಲ್ ಮಾಡಿದ್ದರು. ಹಾಗಾಗಿ ಸರ್ಕಾರದ ಎಷ್ಟೋ ಕೇಸುಗಳು ಅವರ ಹೆಸರಲ್ಲಿ. ಕೋವಿಯಿಂದಾಗಿ ಆ ಕೋರ್ಟಿನೊಳಗೆ ಹೋಗಲಾಗದ ಮನುಷ್ಯ ಕೊನೆಗೂ ಒಳಗೆ ಹೋದರು. ಪಕ್ಷಗಾರರಾಗಿ. ಕೋವಿ ಕೇಸಲ್ಲೇ. ಸೋತರು.

ಇನ್ನೊಂದು ಕೇಸು ಬಾಕಿ ಇತ್ತು. ಭಾಗಗಳನ್ನು ಪೊಟ್ಟಣದಲ್ಲಿ ತರಿಸಿ ಮನೆಯಲ್ಲೇ ಜೋಡಿಸೋ, ನಂಬರೇ ಇಲ್ಲದ ಕೋವಿಗಳದು. ಪೊಟ್ಟಣವನ್ನು ಕೋವಿ ಅನ್ನಬಹುದಾ? 2024ರ ಅಕ್ಟೋಬರ್‌ನಲ್ಲಿ ಜಸ್ಟಿಸ್ ಅಲಿಟೊ ಕೇಳಿದರು: ಮೊಟ್ಟೆ, ಹೆಚ್ಚಿದ ಹ್ಯಾಮ್, ಮೆಣಸಿನಕಾಯಿ, ಈರುಳ್ಳಿ ಮುಂದಿಟ್ಟರೆ ಅದು ಆಮ್ಲೆಟ್ಟಾ? ಅಲ್ಲ ಅಂದರು ಸರ್ಕಾರದ ವಕೀಲರು. ಅವುಗಳಿಂದ ಬೇರೆ ಅಡುಗೆಯನ್ನೂ ಮಾಡಬಹುದಲ್ಲ. ಬ್ಯಾರೆಟ್ ನಡುವೆ ಬಂದು, ಅಡುಗೆ ಕಿಟ್ ತರಿಸಿದರೆ ಏನಂತೀರಿ ಅಂದರು. ನಮ್ಮ ಭಾಷೆಯಲ್ಲಿ, ಡಬ್ಬಿಯ ರವೆ ಬೇರೆ, ರವೆ ಇಡ್ಲಿ ಮಿಕ್ಸ್ ಪ್ಯಾಕೆಟ್ ಬೇರೆ. ಕೋರ್ಟು ಕೊನೆಗೆ ಪ್ಯಾಕೆಟ್ ಕಡೆ ಒಲಿಯಿತು. 7-2. ಸರ್ಕಾರ ಗೆದ್ದಿತು.

ಆದರೆ ತೀರ್ಪು ಬಂದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಟ್ರಂಪ್ ಮತ್ತೆ ಬಂದಿದ್ದರು, ಅಟಾರ್ನಿ ಜನರಲ್ ಬದಲಾಗಿದ್ದರು, ಕೇಸಿನ ಮೇಲಿದ್ದ ಗಾರ್ಲಂಡ್ ಹೆಸರು ತೆಗೆದು ಪ್ಯಾಮ್ ಬಾಂಡಿ ಹೆಸರು ಹಾಕಿದ್ದರು. ತೀರ್ಪು ಬರೆದವರು ನೀಲ್ ಗೋರ್ಸಚ್. ಅದೇ ಕುರ್ಚಿಯಲ್ಲಿ ಕೂತು.