ಸರದಿ ತಪ್ಪಿದ ಮಗುವನ್ನು ಯಾರು ವಿಚಾರಿಸಬೇಕು?

ಜರ್ಮನಿಯಲ್ಲಿ ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದರೆ, ಹೆತ್ತವರು ಒಪ್ಪಿದ ಮೇಲೆ ವಿವರವೆಲ್ಲ ಮೈಂಟ್ಸ್ ನಗರದ ನೋಂದಣಿ ಕೇಂದ್ರಕ್ಕೆ ಹೋಗುತ್ತದೆ. 1980ರಿಂದ ಇದು ನಡೆದು ಬಂದಿದೆ. ಮಗು ಗುಣವಾಗಿ ದೊಡ್ಡದಾದ ಮೇಲೂ ಕ್ಷೇಮ ವಿಚಾರಿಸುವುದು ನಿಲ್ಲುವುದಿಲ್ಲ. ಫ್ರಾಂಕ್‌ಫರ್ಟಿನಲ್ಲಿ ನೆಲೆಸಿರುವ ನನಗೆ ಇಲ್ಲಿನವರ ಕಾಗದಪತ್ರದ ಹುಚ್ಚು ಕಂಡರೆ ರೇಗುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ತಕರಾರಿಲ್ಲ.

ನಮ್ಮ ಉತ್ತರ ಕನ್ನಡದ ಮಕ್ಕಳು ಚಿಕಿತ್ಸೆಗೆ ದಿಕ್ಕಿಗೊಬ್ಬರಂತೆ ಚದುರುತ್ತಾರೆ. ಅಂಕೋಲೆಯ ಮಗು ಮಣಿಪಾಲಕ್ಕೆ, ಶಿರಸಿಯದು ಹುಬ್ಬಳ್ಳಿಗೆ, ಕಾರವಾರದ್ದು ಗೋವೆಗೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಎರಡು ವರ್ಷಕ್ಕೂ ಮಿಕ್ಕಿ ಔಷಧ ಬೇಕು. ಎಷ್ಟೋ ಮಕ್ಕಳು ಮೊದಲ ತಿಂಗಳ ಔಷಧಕ್ಕೇ ಚೇತರಿಸಿಕೊಂಡು ಅಂಗಳದಲ್ಲಿ ಓಡಾಡುತ್ತವೆ. "ಆರಾಮಾಯಿತಲ್ಲ, ಇನ್ನೇಕೆ ಆ ಸೂಜಿ?" ಎನ್ನುತ್ತಾಳೆ ಅಜ್ಜಿ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ; ಬೋಟಿನ ಕೂಲಿ ನಂಬಿದ ಮನೆಯಲ್ಲಿ ಬಸ್ಸಿನ ದುಡ್ಡಿಗೂ ತತ್ವಾರ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಹೀಗೆ ಸರದಿ ತಪ್ಪುತ್ತದೆ. ಸತತ ನಾಲ್ಕು ವಾರ ಬಾರದಿದ್ದರೆ ಚಿಕಿತ್ಸೆ ಕೈಬಿಟ್ಟಂತೆ ಎಂಬುದು ತಜ್ಞರು ಹಾಕಿಕೊಂಡ ಗೆರೆ. ಆಮೇಲೆ ಮಗು ಬೇರೆ ಆಸ್ಪತ್ರೆ ಸೇರಿತೋ, ತೀರಿಕೊಂಡಿತೋ, ಫೈಲಿನಲ್ಲಿ ಇರುವುದಿಲ್ಲ.

ಇಂಥವರನ್ನು ಬಿಟ್ಟು ಲೆಕ್ಕ ಹಾಕಿದರೆ ಅಂಕಿ ಅಂದವಾಗಿಯೇ ಕಾಣುತ್ತದೆ. ನೂರು ಮಕ್ಕಳಲ್ಲಿ 20 ನಾಪತ್ತೆ, ಉಳಿದ 80ರಲ್ಲಿ 60 ಬದುಕಿದರು ಎನ್ನಿ. ಶೇ 75 ಎಂದು ಬೀಗಬಹುದು. ನಾಪತ್ತೆಯಾದವರನ್ನೂ ಸೋಲಿಗೆ ಸೇರಿಸಿದರೆ ಶೇ 60. 2030ರೊಳಗೆ ಕನಿಷ್ಠ ಶೇ 60 ಮಕ್ಕಳು ಬದುಕುಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಗುರಿ ಇಟ್ಟಿದೆ. ಆ ಗುರಿಯನ್ನು ಕಾಗದದ ಮೇಲೆ ಮುಟ್ಟುವುದು ಬಲು ಸುಲಭ.

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗಿಗೆ ನನ್ನದೂ ದನಿ ಇದೆ. ಮಕ್ಕಳನ್ನು ವಿಚಾರಿಸುವುದಕ್ಕೆ ಅದು ಕಟ್ಟಿ ಮುಗಿಯುವ ತನಕ ಕಾಯಬೇಕಿಲ್ಲ. ಕ್ಷಯರೋಗಿ ಮಾತ್ರೆ ತಪ್ಪಿಸಿದರೆ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ನಮ್ಮಲ್ಲಿದ್ದಾರೆ. ಸರದಿ ತಪ್ಪಿದ ವಾರವೇ ದೂರದ ಆಸ್ಪತ್ರೆ ಮಗುವಿನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಲಿ. ದಾಖಲಾಗುವಾಗ ಅಪ್ಪನ ನಂಬರ್ ಒಂದೇ ಸಾಲದು, ಆತ ಕಡಲಿನಲ್ಲಿದ್ದರೆ ಸಿಗುವುದಿಲ್ಲ. ಚಿಕ್ಕಮ್ಮನದು, ಪಕ್ಕದ ಅಂಗಡಿಯದು ಬರೆದುಕೊಳ್ಳಲಿ. ಗೋವೆಗೆ ಹೋದವರ ವಿವರ ಗಡಿ ದಾಟಿ ಬರುವಂತೆ ಎರಡೂ ಸರ್ಕಾರಗಳು ಮಾತಾಡಿಕೊಳ್ಳಲಿ. ಇನ್ನು ಆಶಾ ಕಾರ್ಯಕರ್ತೆಯರು: ಗೌರವಧನಕ್ಕಾಗಿ ಬೀದಿಗಿಳಿದವರ ಮೇಲೆ ಮತ್ತೊಂದು ಪುಕ್ಕಟೆ ಕೆಲಸ ಹೇರುವುದು ಅನ್ಯಾಯ. ಪ್ರತಿ ಭೇಟಿಗೆ ಇಷ್ಟು ದುಡ್ಡು, ಇಷ್ಟು ಬಸ್ ಚಾರ್ಜು ಎಂದು ಆದೇಶದಲ್ಲೇ ಬರೆದಿರಬೇಕು.