ದೊಡ್ಡ ಮೋಕಾ ಪಾಟ್ ಬೇಡ

ಮೋಕಾ ಪಾಟ್ (ಒಲೆಯ ಮೇಲಿಟ್ಟರೆ ಕೆಳಗಿನ ನೀರು ಆವಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಕಾಫಿಯಾಗುವ ಇಟಲಿಯ ಪಾತ್ರೆ) ಕೊಳ್ಳುವುದಾದರೆ ದೊಡ್ಡದನ್ನೇ ಕೊಳ್ಳಿ, ಬೇಕೆಂದಾಗ ಅರ್ಧ ತುಂಬಿಸಿಕೊಳ್ಳಬಹುದು ಎಂದು ಅದರ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ! ಪುಡಿಯ ಬುಟ್ಟಿ ಪೂರ್ತಿ ತುಂಬಿರದಿದ್ದರೆ ನೀರು ಸಂದಿಯಲ್ಲೇ ನುಗ್ಗಿ ಕಾಫಿ ತೆಳ್ಳಗೂ ಕಹಿಯಾಗಿಯೂ ಇರುತ್ತದೆ. ಮೂರು ಕಪ್ಪಿನದು ಎಂದರೆ ಇಟಲಿಯ ಪುಟ್ಟ ಕಪ್ಪಿನ ಲೆಕ್ಕ, ಒಟ್ಟು ಸುಮಾರು 150 ಮಿ.ಲೀ. ಹಾಲು ಬೆರೆಸಿ ಕುಡಿಯುವ ನಮ್ಮ ಶಿವಮೊಗ್ಗದ ಮನೆಗಳಲ್ಲಿ ಇಬ್ಬರಿಗೆ ಅಷ್ಟು ಧಾರಾಳ.

1933ರಿಂದ ಬಂದಿರುವ ಅಲ್ಯೂಮಿನಿಯಂ ಮಾದರಿ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಸ್ಟೀಲಿನದನ್ನು ಕೊಳ್ಳುವಾಗಲೂ ತಳಕ್ಕೆ ಆಯಸ್ಕಾಂತ ಅಂಟುತ್ತದೆಯೇ ನೋಡಿ. ಗ್ಯಾಸ್ ಒಲೆಗೆ ಎರಡೂ ಆಗುತ್ತವೆ, ಉರಿ ಮಾತ್ರ ಸಣ್ಣದಿರಲಿ.

ಮಲೆನಾಡಿನವರಿಗೆ ಮುಖ್ಯವಾದದ್ದು ಚಿಕೋರಿ. ಅದರ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಫಿಲ್ಟರಿಗೆಂದು ತರುವ ಚಿಕೋರಿ ಬೆರೆತ ಪುಡಿ ಇದರಲ್ಲಿ ಜಾಲರಿಯನ್ನು ಕಟ್ಟಿಬಿಡಬಹುದು. ತೀರ್ಥಹಳ್ಳಿ, ಕೊಪ್ಪದ ಕಡೆ ಬೀಜ ಹುರಿದು ಬೀಸಿಕೊಡುವವರಿದ್ದರೆ ಚಿಕೋರಿ ಹಾಕದೆ, ತೀರಾ ಹಿಟ್ಟಾಗದಂತೆ ಬೀಸಿಸಿಕೊಳ್ಳಿ. ಪುಡಿಯನ್ನು ಒತ್ತಬೇಡಿ, ನೀರು ಕೆಳಭಾಗದ ಪಕ್ಕದಲ್ಲಿರುವ ಸುರಕ್ಷತಾ ಕವಾಟಕ್ಕಿಂತ ಕೆಳಗೇ ಇರಲಿ. ಪಾಟಿನ ಎರಡು ಭಾಗಗಳ ನಡುವೆ ಕೂರುವ, ಅದೇ ಅಳತೆಯ ರಬ್ಬರ್ ಉಂಗುರ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ. ಮೊದಲು ಸವೆಯುವುದು ಅದೇ.